ಸೊಸೆ ಮರೆತ ಸಿಟ್ಟು

ಬೆಳಗಿನ ಊಟಕ್ಕೆ ಕೂತ ಪಿಲ್‌ಸೂನ್ ಅತ್ತೆ ತಮ್ಮ ಮುಂದಿದ್ದ ಅನ್ನದ ಬಟ್ಟಲು ನೋಡಿದವರೇ ಕೂತಲ್ಲಿಂದ ಹಿಂದಕ್ಕೆ ಸರಿದರು. ಹಬೆಯಾಡುವ ಅನ್ನದ ನಟ್ಟನಡುವೆ ಚಮಚ ನೆಟ್ಟಗೆ ನಿಂತಿತ್ತು. ಅನ್ನಕ್ಕೆ ಹಾಗೆ ಚಮಚ ನೆಡುವುದು ಸತ್ತವರಿಗೆ ಎಡೆ ಇಡುವಾಗ ಮಾತ್ರ. ಬದುಕಿರುವವರ ಮುಂದೆ ಹಾಗಿಡುವವರು ಸಾಂಗ್ಜು ಸೀಮೆಯಲ್ಲಿ ಹಾಗಿರಲಿ, ಇಡೀ ಕೊರಿಯಾದಲ್ಲೇ ಹುಡುಕಿದರೂ ಸಿಗುವುದಿಲ್ಲ. ಎಂಬತ್ತಾರು ವರ್ಷದ ಅತ್ತೆಯ ಮುಂದೆ ಸೊಸೆಯಾದವಳು ಹಾಗಿಟ್ಟರೆ ಅದಕ್ಕೆ ಅರ್ಥ ಬಿಡಿಸಿ ಹೇಳಬೇಕಾಗಿಯೂ ಇಲ್ಲ.

“ನಾನಿನ್ನೂ ಉಸಿರಾಡ್ತಿದ್ದೀನಿ ಕಣೇ... ಅಷ್ಟು ಅವಸರ ಏನೇ ನಿನಗೆ?”

ಸೊಸೆ ಯೊನ್‌ಸಿಮ್ ಮೂಲಂಗಿ ಸಾರಿನ ಬಟ್ಟಲು ಹಿಡಿದು ಅಡುಗೆಮನೆ ಬಾಗಿಲಲ್ಲೇ ನಿಂತುಬಿಟ್ಟಳು. ಚಮಚವನ್ನು ನೋಡಿದಳು, ಅತ್ತೆಯ ಮುಖ ನೋಡಿದಳು. ಹಿಂದಿನ ಸಂಜೆ ಮಾವನವರ ವರ್ಷದ ಎಡೆ ಆಗಿತ್ತು. ಆಗ ಅನ್ನಕ್ಕೆ ಚಮಚ ನೆಟ್ಟದ್ದು ಗಂಡ ದೊಕ್‌ಸು, ಅದು ಗಂಡಸರ ಕೆಲಸ. ಈ ಬಟ್ಟಲಿಗೆ ನೆಟ್ಟವರು ಯಾರು? ಅವಳಿಗೆ ಅನ್ನ ಬಡಿಸಿದ್ದು ನೆನಪಿತ್ತು. ಆಮೇಲಿನದು ಒರೆಸಿಹಾಕಿದ ಹಾಗಿತ್ತು.

“ನಾನು ನೆಟ್ಟಿಲ್ಲ ಅತ್ತೆ,” ಎಂದಳು. ಸುಳ್ಳಾಡುವ ಹೆಂಗಸಲ್ಲ ಅವಳು. ಅವಳ ಮಟ್ಟಿಗೆ ಅದು ನಿಜವೇ ಆಗಿತ್ತು.

ಮಧ್ಯಾಹ್ನವಾಗುವಷ್ಟರಲ್ಲಿ ದೇಗು ಪಟ್ಟಣದಿಂದ ನಾದಿನಿ ಮಿಸುಕ್ ಕಾರು ಓಡಿಸಿಕೊಂಡು ಬಂದಳು. ಈ ಮಿಸುಕಳ ಗಂಡನ ಮನೆಯವರು ಚರ್ಚಿಗೆ ಹೋಗುವವರು, ಎಡೆ-ಗಿಡೆ ಎಂಬುದನ್ನೆಲ್ಲ ಎಂದೋ ಕೈಬಿಟ್ಟವರು. ಹಾಗಾಗಿ ಅವಳಿಗೆ ತವರಿನ ಎಡೆಗಳ ಮೇಲೆ ವಿಪರೀತ ಭಕ್ತಿ. ಬಂದವಳು ತಾಯಿಯ ಅಳು ಕೇಳಿದಳು, ಅತ್ತಿಗೆ ತಾನು ಮಾಡಿಲ್ಲವೆನ್ನುವುದನ್ನೂ ಕೇಳಿದಳು, ಕೊನೆಗೆ ಅಣ್ಣನನ್ನು ಹಿತ್ತಲಿಗೆ ಕರೆದು ಗುಸುಗುಸು ಮಾತಾಡಿದಳು. ಅತ್ತಿಗೆ ಎಷ್ಟೇ ಆದರೂ ಹಾಗೆ ಮಾಡುವವಳಲ್ಲ, ಅಮ್ಮನೇ ಚಮಚ ನೆಟ್ಟುಕೊಂಡು ಮರೆತಿರಬೇಕು, ಅಮ್ಮನಿಗೆ ಅರಳುಮರಳು ಶುರುವಾಗಿದೆ ಎಂದು ಅಣ್ಣ ತಂಗಿ ತೀರ್ಮಾನ ಮಾಡಿದರು. ಯೊನ್‌ಸಿಮ್‌ಳನ್ನು ಮೂವತ್ತೈದು ವರ್ಷದಲ್ಲಿ ಮೊದಲ ಬಾರಿಗೆ ಆ ಮನೆಯವರು ನಂಬಿದ್ದರು. ನಂಬಬಾರದ ವಿಷಯದಲ್ಲೇ ನಂಬಿದ್ದರು.

ಮೂವತ್ತೈದು ವರ್ಷದ ಹಿಂದೆ ಅವಳು ಈ ಮನೆಗೆ ಹಿರೀಸೊಸೆಯಾಗಿ ಹೊರಟಾಗ ಅವಳ ತಾಯಿ ಕಿವಿಯಲ್ಲಿ ಹೇಳಿದ್ದು ನಮ್ಮ ಕಡೆ ಎಲ್ಲ ತಾಯಂದಿರೂ ಹೇಳುವ ಮಾತೇ: ಮೂರು ವರ್ಷ ಕಿವುಡಿಯಾಗಿರು, ಮೂರು ವರ್ಷ ಮೂಗಿಯಾಗಿರು, ಮೂರು ವರ್ಷ ಕುರುಡಿಯಾಗಿರು. ಒಂಬತ್ತು ವರ್ಷಕ್ಕೆ ಮುಗಿಯಬೇಕಾದ ಆ ವ್ರತವನ್ನು ಯೊನ್‌ಸಿಮ್ ಮುಗಿಸಲೇ ಇಲ್ಲ. ಹಿರೀಸೊಸೆ ಎಂದರೆ ಗಂಡನ ಅಪ್ಪ, ಅಜ್ಜ, ಮುತ್ತಜ್ಜ, ಅವರ ಹೆಂಡಿರು, ಎಲ್ಲರ ಎಡೆಗೂ ಅವಳೇ ಬೇಯಿಸಬೇಕು. ಬೇಯಿಸುವವಳು ಬೇರೆ ಮನೆಯಿಂದ ಬಂದವಳು, ಮುಂದೆ ನಿಂತು ಅಡ್ಡಬೀಳುವವರು ಈ ಮನೆಯ ಗಂಡಸರು, ಹಿಂದೆ ಕೂತು ಉಪ್ಪು ಹೆಚ್ಚಾಯಿತು ಎನ್ನುವವರು ಅತ್ತೆ. ಅತ್ತೆ ಅಂದದ್ದಕ್ಕೆಲ್ಲ ಸೊಸೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ಸುಮ್ಮನಿದ್ದಳು. ಉಗುಳಲಿಲ್ಲ. ನುಂಗಿದ್ದು ಎಲ್ಲಿಗೆ ಹೋಯಿತು ಎಂದು ಯಾರೂ ಕೇಳಲಿಲ್ಲ.

ಅದು ಎಲ್ಲಿಗೂ ಹೋಗಿರಲಿಲ್ಲ. ಐವತ್ತರ ಸುಮಾರಿಗೆ ಎದೆಯಲ್ಲಿ ಒಂದು ಉಂಡೆ ಕೂತ ಹಾಗಾಗತೊಡಗಿತು. ಚಳಿಗಾಲದಲ್ಲೂ ಕುತ್ತಿಗೆಯಿಂದ ಮೇಲಕ್ಕೆ ಬಿಸಿ ಏರುತ್ತಿತ್ತು. ಹೊಟ್ಟೆಯ ಡಾಕ್ಟರು ಹೊಟ್ಟೆ ಸರಿಯಿದೆ ಎಂದರು, ಹೃದಯದ ಡಾಕ್ಟರು ಹೃದಯ ಸರಿಯಿದೆ ಎಂದು ರಕ್ತದೊತ್ತಡಕ್ಕೆ ಮಾತ್ರೆ ಕೊಟ್ಟರು. ಊರಿನ ನಾಟಿವೈದ್ಯ ಮಾತ್ರ ನಾಡಿ ಹಿಡಿದು ಹ್ವಾಬ್ಯೊಂಗ್ ಎಂದ, ಅಂದರೆ ಬೆಂಕಿರೋಗ. ನುಂಗಿದ ಸಿಟ್ಟು ಒಳಗೇ ಕೆಂಡವಾಗುವ ರೋಗ. ಊರಿನ ಅರ್ಧ ಹೆಂಗಸರಿಗೆ ಅದಿತ್ತು, ಹಾಗಾಗಿ ಯಾರೂ ಅದನ್ನು ರೋಗವೆಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಮೊಣಕಾಲು ನೋವಿನ ಹಾಗೆ ಅದೂ ವಯಸ್ಸಿಗೆ ಬರುವಂಥದ್ದು ಎಂದುಕೊಂಡಿದ್ದರು.

ಪಿಲ್‌ಸೂನ್ ಅತ್ತೆಯನ್ನು ಆರೋಗ್ಯ ಕೇಂದ್ರದಲ್ಲಿ ಮರೆವಿನ ತಪಾಸಣೆಗೆ ಕರೆದುಕೊಂಡು ಹೋಗುವುದು ಸುಲಭವಿರಲಿಲ್ಲ. ಮಂಡಿಗೆ ಸೂಜಿ ಹಾಕಿಸುವುದಿದೆ ಎಂದು ಸುಳ್ಳು ಹೇಳಿ ದೊಕ್‌ಸು ಕಾರು ಹತ್ತಿಸಿದ. ಅಲ್ಲಿಗೆ ಹೋದ ಮೇಲೆ ಗೊತ್ತಾಗಿ ಮುದುಕಿ ಕೆಂಡಾಮಂಡಲವಾದರು. ತನಗೆ ಹುಚ್ಚು ಹಿಡಿದಿದೆಯೆಂದು ಸಾಬೀತು ಮಾಡಿ ಮೂಲೆಗೆ ಹಾಕುವ ಹುನ್ನಾರವೇ ಇದು ಎಂದು ಮಗನನ್ನು ಕೇಳಿದರು. ನರ್ಸ್ ಹುಡುಗಿ ಜಾಣೆ. ಅರವತ್ತು ದಾಟಿದ ಎಲ್ಲರಿಗೂ ಇಲ್ಲಿ ಪುಕ್ಕಟೆ ನೋಡುತ್ತೇವೆ ಅಜ್ಜಿ, ಬೇಕಾದರೆ ನಿಮ್ಮ ಸೊಸೆಯನ್ನೂ ಕೂರಿಸಿಕೊಳ್ಳುತ್ತೇವೆ ಎಂದಳು. ಸೊಸೆ ಕೂತರೆ ತಾನೂ ಕೂರುವುದಾಗಿ ಅತ್ತೆ ಹೇಳಿದರು. ಯೊನ್‌ಸಿಮ್ ಕೂತಳು. ಕೂರು ಎಂದರೆ ಕೂರುವುದು ಅವಳಿಗೆ ಅಭ್ಯಾಸವಾಗಿತ್ತು.

ಅತ್ತೆ ಪರೀಕ್ಷೆಯಲ್ಲಿ ಮೆರೆದರು. ಇಸವಿ ಹೇಳಿದರು, ತಿಂಗಳು ಹೇಳಿದರು, ಚಾಂದ್ರಮಾನದ ತಿಥಿ ನರ್ಸಿಗೇ ಗೊತ್ತಿಲ್ಲವೆಂದು ಅದನ್ನೂ ಹೇಳಿಕೊಟ್ಟರು. ನೂರರಿಂದ ಏಳೇಳು ಕಳೆಯುತ್ತಾ ಮಕ್ಕಳು ಮಗ್ಗಿ ಹೇಳುವಂತೆ ಸರಸರನೆ ಇಳಿದರು. ನೆನಪಿಡಲು ಹೇಳಿದ್ದ ಮೂರು ಪದಗಳನ್ನು ಕೊನೆಯಲ್ಲಿ ಕೇಳಿದಾಗ ಅವನ್ನು ಹೇಳಿದ್ದಲ್ಲದೆ, ನರ್ಸ್ ಎರಡನೆಯ ಪದ ಹೇಳುವಾಗ ಕೆಮ್ಮಿದ್ದನ್ನೂ ನೆನಪಿಸಿದರು.

ಪಕ್ಕದ ಕೋಣೆಯಲ್ಲಿ ಇನ್ನೊಬ್ಬ ನರ್ಸ್ ಯೊನ್‌ಸಿಮ್‌ಳನ್ನು ಕೂರಿಸಿಕೊಂಡು ಅವನ್ನೇ ಕೇಳುತ್ತಿದ್ದಳು. ಇಸವಿ ತಪ್ಪಿತು. ಏಳು ಕಳೆಯುವುದು ಎರಡು ಹೆಜ್ಜೆಗೇ ನಿಂತಿತು. ಮೂರು ಪದಗಳಲ್ಲಿ ಒಂದೂ ಬರಲಿಲ್ಲ. ಪದಗಳೇ ಇರಲಿಲ್ಲವೇನೋ ಎಂದು ಅವಳು ನರ್ಸಿನ ಮುಖ ನೋಡಿದಳು. ನರ್ಸ್ ನಗುತ್ತಲೇ ಇದ್ದಳು, ಆದರೆ ಬರೆಯುವ ಕೈ ನಿಧಾನವಾಯಿತು. ಆಗ ಯೊನ್‌ಸಿಮ್‌ಗೆ ತಾನೇ ಆ ಚಮಚ ನೆಟ್ಟದ್ದು ಎಂದು ಗೊತ್ತಾಯಿತು. ನೆನಪಾಗಲಿಲ್ಲ, ಗೊತ್ತಾಯಿತು ಅಷ್ಟೆ. ಅವಳಿಗೆ ಭಯವಾಯಿತು. ಸಾಯುವ ಭಯವಲ್ಲ. ಅತ್ತೆಯ ಅತ್ತೆ ಬುದ್ಧಿ ತಪ್ಪಿ, ಮಲ ಮೂತ್ರದ ಪರಿವೆ ಇಲ್ಲದೆ, ಮಗನನ್ನೇ ಕಳ್ಳನೆಂದು ಕೂಗುತ್ತಾ ಎಷ್ಟೋ ಕಾಲ ಬದುಕಿದ್ದ ಕಥೆ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ದೇಗುವಿನ ಆಸ್ಪತ್ರೆಯಲ್ಲಿ ತಲೆಯ ಚಿತ್ರ ತೆಗೆದರು, ರಕ್ತ ತೆಗೆದರು. ಡಾಕ್ಟರು ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ನಿದ್ದೆ ಹೇಗೆ, ಊಟ ಹೇಗೆ ಎಂದೆಲ್ಲ ಕೇಳಿದರು. ಮನೆಯಲ್ಲಿ ಸಿಟ್ಟು ಬಂದಾಗ ಏನು ಮಾಡುತ್ತೀರಿ ಎಂದೂ ಕೇಳಿದರು.

“ಪಾತ್ರೆ ತೊಳೀತೀನಿ,” ಎಂದಳು ಯೊನ್‌ಸಿಮ್.

ಡಾಕ್ಟರು ಅದನ್ನು ಬರೆದುಕೊಂಡರು. ಆಮೇಲೆ ವಿಷಯ ಹೇಳಿದರು. ಇದು ಮರೆವಿನ ರೋಗವೇ ಎಂದು ಈಗ ಹೇಳಲಾಗದು. ಮಿದುಳಿನ ಚಿತ್ರದಲ್ಲಿ ಅಂಥದ್ದು ಕಾಣಲಿಲ್ಲ. ಖಿನ್ನತೆ ಹಳೆಯದು, ನಿದ್ದೆ ಇಲ್ಲ, ರಕ್ತದೊತ್ತಡ ಮಾತ್ರೆಗೂ ಇಳಿಯುತ್ತಿಲ್ಲ. ಇವೆಲ್ಲ ಸೇರಿದರೆ ಒಳ್ಳೆಯ ತಲೆಯೂ ಹೀಗೆ ಕೈಕೊಡುತ್ತದೆ. ಚಿಕಿತ್ಸೆ ಮಾಡಿ, ಭಾರ ಇಳಿಸಿದರೆ ಹೋದದ್ದರಲ್ಲಿ ಬಹುಪಾಲು ಮರಳಬಹುದು. ಹೀಗೇ ಬಿಟ್ಟರೆ ನಿಜವಾದ ಮರೆವಿನ ರೋಗ ಬರುವ ಸಂಭವ ಹೆಚ್ಚು.

ಬರೀ ಚಿಂತೆಯಿಂದ ಮೈ ಕೆಡುವುದುಂಟೇ ಎಂದು ದೊಕ್‌ಸು ಕೇಳಿದ. ಅವನು ಹುಟ್ಟಾ ಒಳ್ಳೆಯವನು. ಹೆಂಡತಿಯನ್ನು ಎಂದೂ ಬೈದವನಲ್ಲ, ಎಂದೂ ಅವಳ ಪರವಾಗಿ ಮಾತಾಡಿದವನೂ ಅಲ್ಲ.

“ಮನಸ್ಸು ಬೇರೆ, ಮೈ ಬೇರೆ ಅಂತ ನಾವು ಅಂದ್ಕೊಂಡಿದ್ದೀವಿ, ಮೈಗೆ ಅದು ಗೊತ್ತಿಲ್ಲ,” ಎಂದರು ಡಾಕ್ಟರು. “ಹುಲಿ ಕಂಡ್ರೆ ಎದೆ ಹೊಡ್ಕೊಳುತ್ತೆ, ರಕ್ತ ಏರುತ್ತೆ. ಹುಲಿ ಹೋದ್ಮೇಲೆ ಇಳೀಬೇಕು. ಇವರ ಮನೇಲಿ ಹುಲಿ ಹೋಗೋದೇ ಇಲ್ಲವಲ್ಲ. ಎಷ್ಟು ವರ್ಷ ಅಂತ ತಡ್ಕೊಳುತ್ತೆ ಮೈ?”

ಹೊರಗೆ ಕುರ್ಚಿಯ ಮೇಲೆ ಕಾಯುತ್ತಿದ್ದ ಪಿಲ್‌ಸೂನ್ ಅತ್ತೆ ಹುಟ್ಟಿದ್ದು ಹನ್ನೆರಡು ಪ್ರಾಣಿಗಳ ಪಂಚಾಂಗದ ಹುಲಿಯ ವರ್ಷದಲ್ಲೇ. ದೊಕ್‌ಸು ತಲೆ ತಗ್ಗಿಸಿದ. ಮನೆಗೆಲಸ, ಎಡೆಯ ಕೆಲಸ ಎಲ್ಲ ಇವತ್ತಿನಿಂದಲೇ ನಿಲ್ಲಬೇಕು ಎಂದು ಡಾಕ್ಟರು ಅವನ ಮುಖ ನೋಡಿಯೇ ಹೇಳಿದರು. ಅವನು ಆಗಲಿ ಎಂದ. ಕಾರು ಹತ್ತುವಾಗ ಹೆಂಡತಿಗೆ, ಇದೊಂದು ಚುಸೊಕ್ ಹಬ್ಬ ಕಳೆಯಲಿ, ಆಮೇಲೆ ನೋಡೋಣ ಎಂದ. ಅವಳು ಹೂಂ ಎಂದಳು.

ಮನೆಯಲ್ಲಿ ಅತ್ತೆಗೆ ವಿಷಯ ಹೇಳಿದಾಗ ಅವರು ಮೊದಲು ನಕ್ಕರು. ಪರೀಕ್ಷೆಯಲ್ಲಿ ತಾನು ಪಾಸಾಗಿ ಸೊಸೆ ಫೇಲಾದ ಸುದ್ದಿಯನ್ನು ಊರಿನ ಸಭಾಮಂದಿರದಲ್ಲಿ ಕೂತು ಇಸ್ಪೀಟಾಡುವ ಮುದುಕಿಯರಿಗೆಲ್ಲ ಆಗಲೇ ಹೇಳಿ ಬಂದಿದ್ದರು. ನುಂಗಿಕೊಂಡಿದ್ದರಿಂದ ತಲೆ ಕೆಟ್ಟಿತಂತೆ ಎಂಬ ಮಾತು ಕೇಳಿ ಮಾತ್ರ ಅವರಿಗೆ ಸಿಟ್ಟು ಬಂತು. ತಾನು ತನ್ನ ಅತ್ತೆಯಿಂದ ಸೌದೆಕೋಲಿನಲ್ಲಿ ಹೊಡೆಸಿಕೊಂಡವಳು, ತಾನು ನುಂಗಿದ್ದರಲ್ಲಿ ಇವಳದ್ದು ಕಾಲು ಭಾಗವೂ ಇಲ್ಲ, ತನ್ನ ತಲೆಗೇನಾಗಿದೆ ಎಂದು ಕೇಳಿದರು. ನುಂಗಿದ್ದನ್ನೆಲ್ಲ ಆಕೆ ಸೊಸೆಯ ಮೇಲೆ ಉಗುಳಿ ಹಗುರಾದವರು ಎಂದು ದೊಕ್‌ಸು ಹೇಳಬಹುದಿತ್ತು. ಅವನು ಹೇಳುವ ಜಾತಿಯವನಲ್ಲ.

ಆದರೂ ಅಂದಿನಿಂದ ಅತ್ತೆ ಸೊಸೆಯನ್ನು ಓರೆಗಣ್ಣಲ್ಲಿ ಗಮನಿಸತೊಡಗಿದರು. ಹಿತ್ತಲಿನ ಭರಣಿಗಳ ಸಾಲಿನಲ್ಲಿ ಸೋಯಾ ಹುದುಗು ಯಾವುದರಲ್ಲಿದೆ, ಮೆಣಸಿನ ಹುದುಗು ಯಾವುದರಲ್ಲಿದೆ ಎಂದು ತಿಳಿಯದೆ ಯೊನ್‌ಸಿಮ್ ಒಂದೊಂದೇ ಮುಚ್ಚಳ ತೆಗೆದು ನೋಡುವುದನ್ನು ಕಂಡರು. ಆ ಭರಣಿಗಳನ್ನು ತುಂಬಿದವಳು ಅವಳೇ. “ನಿನ್ನ ತಲೆ ಹೋದ್ರೆ ನನ್ನ ಬೆನ್ನು ತಿಕ್ಕೋರು ಯಾರೇ?” ಎಂದು ಒಮ್ಮೆ ಗದರಿದರು. ಗದರಿಕೆಯಲ್ಲಿ ಮೊದಲಿನ ಖಾರವಿರಲಿಲ್ಲ. ಹೆದರಿಕೆಯಿತ್ತು.

ಮನೆಯ ಹಿರಿಯರಿಗೆಲ್ಲ ಒಟ್ಟಿಗೆ ಎಡೆ ಇಡುವ ಸುಗ್ಗಿಹಬ್ಬ ಚುಸೊಕ್‌ನ ಹಿಂದಿನ ದಿನ ಬಂತು. ಮಿಸುಕ್ ಬೆಳಿಗ್ಗೆಯೇ ಬಂದು ಸೋಫಾದ ಮೇಲೆ ಕೂತು ಮೇಲ್ವಿಚಾರಣೆ ಶುರುಮಾಡಿದಳು. ಯೊನ್‌ಸಿಮ್ ನೆಲದ ಮೇಲೆ ಪತ್ರಿಕೆ ಹಾಸಿ, ವಿದ್ಯುತ್ ಕಾವಲಿ ಇಟ್ಟುಕೊಂಡು ಮೀನಿನ ತುಂಡು, ಕುಂಬಳದ ಬಿಲ್ಲೆಗಳನ್ನು ಮೊಟ್ಟೆಯಲ್ಲಿ ಅದ್ದಿ ಹುರಿಯುತ್ತಿದ್ದಳು. ಸೊಪ್ಪಿನ ಪಲ್ಯಗಳು ಆಗಲೇ ತಯಾರಾಗಿದ್ದವು. ಮಿಸುಕ್ ಒಂದು ಎಳೆ ಮೊಳಕೆಕಾಳು ಬಾಯಿಗೆ ಹಾಕಿಕೊಂಡವಳು ಥೂ ಎಂದು ಕೈಗೆ ಉಗಿದಳು.

“ಅತ್ತಿಗೆ, ಇದಕ್ಕೆ ಬೆಳ್ಳುಳ್ಳಿ ಹಾಕಿದ್ದೀರಿ. ಮೆಣಸಿನಪುಡೀನೂ ಹಾಕಿದ್ದೀರಿ.”

ಎಡೆಯ ಅಡುಗೆಗೆ ಬೆಳ್ಳುಳ್ಳಿ, ಕೆಂಪು ಮೆಣಸು ನಿಷಿದ್ಧ. ಅವುಗಳ ವಾಸನೆಗೆ ಹಿರಿಯರು ಹೊಸ್ತಿಲಾಚೆಯೇ ನಿಂತುಬಿಡುತ್ತಾರೆ ಎನ್ನುವುದು ಮಗುವಿಗೂ ಗೊತ್ತು. ಮಿಸುಕ್ ಬಾಯಿಗೆ ಬಂದದ್ದು ಅಂದಳು. ಅಪ್ಪ ಹಸಿದುಕೊಂಡು ಬಂದು ಹಸಿದುಕೊಂಡೇ ಹೋಗಬೇಕೇ ಎಂದು ಕೇಳಿದಳು. ಯೊನ್‌ಸಿಮ್ ಎದ್ದು ನಿಂತಳು. ಕೈಯಲ್ಲಿದ್ದ ಊಟದ ಕಡ್ಡಿಗಳನ್ನು ಕಾವಲಿಯ ಪಕ್ಕಕ್ಕಿಟ್ಟಳು, ಮುಖ ಕೆಂಪೇರಿತ್ತು. ಪಾತ್ರೆ ತೊಳೆಯುವ ತೊಟ್ಟಿಯ ಕಡೆಗೆ ಎರಡು ಹೆಜ್ಜೆ ಇಟ್ಟಳು.

“ನಿಂತ್ಕೋ,” ಎಂದರು ಪಿಲ್‌ಸೂನ್ ಅತ್ತೆ. “ಇವತ್ತು ಯಾರಿಗೆ ಅಡುಗೆ ಮಾಡ್ತಿದ್ದೀಯೇ?”

“ಮಾವನವರ ಎಡೆಗೆ ಅಲ್ವಾ ಅತ್ತೆ...”

ಮಾವನವರ ವರ್ಷದ ಎಡೆ ಹಿಂದಿನ ತಿಂಗಳೇ ಆಗಿಹೋಗಿತ್ತು, ನಾಳೆಯದು ಚುಸೊಕ್‌ನ ಎಡೆ. ಬಾಗಿಲ ಬಳಿ ಹಣ್ಣಿನ ಬುಟ್ಟಿ ಹಿಡಿದು ಬಂದ ದೊಕ್‌ಸು ಅಲ್ಲೇ ನಿಂತ. ಅತ್ತೆ ಗೋಡೆ ಹಿಡಿದು ಎದ್ದು ಬಂದು ಕಾವಲಿಯ ವಯರು ಕಿತ್ತರು.

“ಸಾಕು. ನಾಳೆ ಎಡೆ ಇಲ್ಲ. ಇನ್ಮುಂದೆ ಈ ಮನೇಲಿ ಯಾವ ಎಡೇನೂ ಇಲ್ಲ.”

ಮಿಸುಕ್ ಅಪ್ಪನ ಹೆಸರೆತ್ತಿದಳು. ನಿಮ್ಮಪ್ಪ ಬದುಕಿದ್ದಾಗಲೂ ಊಟದ ಹೊತ್ತಿಗೆ ಸರಿಯಾಗಿ ಮನೆಗೆ ಬಂದವನಲ್ಲ, ಈಗ ಹಸಿವೇನು ಬಂತು ಎಂದರು ಅತ್ತೆ. ದಾಯಾದಿಗಳು ಏನೆನ್ನುತ್ತಾರೆ ಎಂದು ದೊಕ್‌ಸು ಕೇಳಿದ. ಅನ್ನುವವರು ಬಂದು ಬೇಯಿಸಲಿ ಎಂದರು. “ನಾನು ಸತ್ತ ಮೇಲೆ ನನಗೂ ಬೇಡ. ಎಡೆ ಇಲ್ದಿದ್ರೆ ಉಪವಾಸ ಬೀಳ್ತೀನಿ, ಅಷ್ಟೇ ತಾನೆ. ಇವಳ ತಲೆ ತಿಂದು ನಾನು ಹೊಟ್ಟೆ ತುಂಬಿಸ್ಕೊಳ್ಳೋದು ಬೇಡ.” ಗಂಡನ ಪಕ್ಕದಲ್ಲಿ ತನ್ನ ಹೆಸರಿಗೂ ಎಡೆ ಬೀಳುವ ದಿನಕ್ಕಾಗಿಯೇ ಅರವತ್ತು ವರ್ಷ ಆ ಮನೆಯಲ್ಲಿ ಜೀವ ತೇದ ಹೆಂಗಸು ಅದನ್ನು ಹೇಳಿದ್ದು.

ಯೊನ್‌ಸಿಮ್‌ಗೆ ಸಮಾಧಾನವಾಗಬೇಕಿತ್ತು. ಅವಳಿಗೆ ಬಂದದ್ದು ಸಿಟ್ಟು. ಕುತ್ತಿಗೆಯಿಂದ ಮೇಲೇರುತ್ತಿದ್ದ ಆ ಬಿಸಿ ಅಂದು ಬಾಯಿಯ ಹಾದಿ ಹಿಡಿಯಿತು.

“ಇಷ್ಟೇನಾ ಅತ್ತೆ? ಸಾಕು ಅನ್ನೋ ಒಂದು ಮಾತು... ಇಷ್ಟು ಸುಲಭವಾಗಿತ್ತಾ ಅದು? ಮೂವತ್ತೈದು ವರ್ಷ ನಿಮ್ಮ ಬಾಯಿಗೆ ಅದು ಬರ್ಲಿಲ್ವಾ?”

ದೊಕ್‌ಸು ಗಾಬರಿಯಾಗಿ ಏನೇ ಇದು, ಸುಮ್ಮನಿರು ಎಂದ. ಅತ್ತೆ ಅವನನ್ನು ತಡೆದರು. “ಬಿಡೋ. ಹೇಳಲಿ.” ಮಂಡಿ ಹಿಡಿದುಕೊಂಡು ಪತ್ರಿಕೆಯ ಮೇಲೆ, ಎಣ್ಣೆಯ ಕಲೆಗಳ ನಡುವೆಯೇ ಕೂತರು.

ಯೊನ್‌ಸಿಮ್ ಹೇಳಿದಳು. ಮೊದಲ ಮಗುವನ್ನು ಹೆತ್ತು ವಾರ ಕಳೆಯುವ ಮೊದಲೇ ತಣ್ಣೀರಲ್ಲಿ ಕೈಯಿಟ್ಟು ಕಿಮ್ಚಿ ಉಪ್ಪಿನಕಾಯಿಗೆ ಎಲೆಕೋಸು ತೊಳೆಸಿದ್ದನ್ನು ಹೇಳಿದಳು. ನೆಂಟರೆಲ್ಲರ ಎದುರು ತಾನು ಮಾಡಿದ ಸಾರನ್ನು ಬಚ್ಚಲಿಗೆ ಸುರಿದದ್ದನ್ನು ಹೇಳಿದಳು. ಎಡೆಯ ಮರಸೇಬಿನ ಹಣ್ಣು ಕೊಯ್ದಾಗಲೆಲ್ಲ ಹೋಳುಗಳನ್ನು ಎಲ್ಲರಿಗೂ ಹಂಚಿ, ಬೀಜದ ದಿಂಡನ್ನು ತನಗೆ ಕೊಡುತ್ತಿದ್ದುದನ್ನು ಹೇಳಿದಳು. “ಪ್ರತೀ ಸಲ ಅತ್ತೆ. ಒಂದು ಸಲಾನಾದ್ರೂ ಒಂದು ಹೋಳು ಕೊಡ್ಲಿಲ್ಲ ನೀವು.” ಹಣ್ಣಿನ ಮಾತಿಗೆ ಬಂದಾಗಲೇ ಅವಳಿಗೆ ಅಳು ಬಂತು. ದೊಡ್ಡ ದುಃಖವನ್ನು ತಡೆದವರು ಚಿಕ್ಕದಕ್ಕೆ ಒಡೆದುಹೋಗುವುದು ಲೋಕರೂಢಿ.

“ಇನ್ನೊಂದಿದೆ,” ಎಂದಳು. “ಎಲ್ಲಕ್ಕಿಂತ ದೊಡ್ಡದು... ಅದೊಂದನ್ನ ನಿಮಗೆ ಹೇಳ್ಬೇಕು ಅಂತಾನೇ ನಾನು...” ಅಲ್ಲಿಗೆ ನಿಂತಳು. ಹುಬ್ಬು ಗಂಟಾಯಿತು. ಕೈಬೆರಳುಗಳು ಏಪ್ರನ್ನಿನ ಅಂಚನ್ನು ಹುಡುಕಾಡಿದವು. “ಏನದು... ಏನೋ ಇತ್ತು. ತುಂಬಾ ದೊಡ್ಡದು. ರೀ, ಏನ್ರೀ ಅದು?”

ದೊಕ್‌ಸುವಿಗೆ ಗೊತ್ತಿರಲಿಲ್ಲ. ಮಿಸುಕಳಿಗೂ ಗೊತ್ತಿರಲಿಲ್ಲ. ಆ ಕೋಣೆಯಲ್ಲಿ ಅದು ಗೊತ್ತಿದ್ದದ್ದು ಒಬ್ಬರಿಗೇ. ಪಿಲ್‌ಸೂನ್ ಅತ್ತೆ ಸುಮ್ಮನೆ ಕೂತಿದ್ದರೆ ಆ ಮಾತು ಅಲ್ಲಿಗೇ ಮಣ್ಣಾಗುತ್ತಿತ್ತು. ಸೊಸೆ ಮರೆತಿದ್ದಳು, ಮಕ್ಕಳಿಗೆ ತಿಳಿದಿರಲಿಲ್ಲ, ಕೇಳುವವರೂ ಇರಲಿಲ್ಲ. ಮುದುಕಿ ತಮ್ಮ ಕೈಗಳನ್ನು ನೋಡಿಕೊಂಡರು, ಮಗನ ಮುಖ ನೋಡಿದರು.

“ನಿಮ್ಮಮ್ಮ ತೀರ್ಕೊಂಡ ದಿನ,” ಎಂದರು.

ಯೊನ್‌ಸಿಮ್ ಏಪ್ರನ್ನಿನ ಅಂಚು ಬಿಟ್ಟಳು.

“ಅವತ್ತು ನಮ್ಮತ್ತೆ ಎಡೆ. ಬೆಳಿಗ್ಗೆ ನಿಮ್ಮಣ್ಣ ಫೋನ್ ಮಾಡಿದ, ಎತ್ತಿದ್ದು ನಾನು. ನಿನಗೆ ಹೇಳಿದ್ರೆ ಸೂತಕ. ಸೂತಕದ ಕೈಲಿ ಮಾಡಿದ್ದನ್ನೆಲ್ಲ ಚೆಲ್ಬೇಕಾಗಿತ್ತು. ಅದಕ್ಕೇ ಹೇಳ್ಲಿಲ್ಲ. ನೀನು ದಿನವಿಡೀ ನನ್ನತ್ತೆಗೆ ಬೇಯಿಸ್ದೆ. ಎಡೆ ಮುಗಿದು, ಪಾತ್ರೆ ತೊಳೆದಿಟ್ಟ ಮೇಲೆ, ಈಗ ತಾನೇ ಫೋನ್ ಬಂತು ಅಂದೆ. ಮಾರನೇ ದಿನ ನೀನು ಹೋಗೋಷ್ಟ್ರಲ್ಲಿ ಪೆಟ್ಟಿಗೆ ಮುಚ್ಚಿದ್ರು.”

ದೊಕ್‌ಸುವಿನ ಕೈಯಿಂದ ಬುಟ್ಟಿ ಜಾರಿತು. ಮಿಸುಕ್ ಬಾಯಿಗೆ ಕೈ ಹಿಡಿದಳು. ಯೊನ್‌ಸಿಮ್‌ಗೆ ಮಾತ್ರ ಅದು ಹೊಸದಲ್ಲ. ಅಣ್ಣ ಫೋನ್ ಮಾಡಿದ್ದು ಬೆಳಿಗ್ಗೆ ಎನ್ನುವುದು ಅವಳಿಗೆ ಹೆಣದ ಮನೆಯಲ್ಲೇ ತಿಳಿದಿತ್ತು. ತಿಳಿದೂ ಮರಳಿ ಬಂದಿದ್ದಳು, ಮುಂದಿನ ಎಡೆಗಳಿಗೂ ಬೇಯಿಸಿದ್ದಳು, ಒಂದು ದಿನವೂ ಕೇಳಿರಲಿಲ್ಲ.

“ಹೌದು,” ಎಂದಳು. “ಅದೇ. ಅಮ್ಮನ ಮುಖ ನೋಡ್ಲಿಲ್ಲ ನಾನು...”

“ನೀನು ನೋಡ್ಲಿಲ್ಲ ಅಲ್ಲ. ನಾನು ನೋಡೋಕೆ ಬಿಡ್ಲಿಲ್ಲ.”

ಯೊನ್‌ಸಿಮ್ ಅತ್ತಳು. ಹದಿನೆಂಟು ವರ್ಷದ ಹಿಂದೆ ತೀರಿಕೊಂಡ ತಾಯಿಗೆ ಅಂದು ಅತ್ತಳು, ಮುಚ್ಚಿದ ಪೆಟ್ಟಿಗೆಯ ಮುಂದೆ ಬಾರದಿದ್ದ ಅಳುವೆಲ್ಲ ಬಂತು. ದೊಕ್‌ಸು ಬಂದು ಹೆಂಡತಿಯ ಭುಜ ಮುಟ್ಟಿದ. ಆಮೇಲೆ ಹುರಿದಿಟ್ಟ ಮೀನಿನ ತಟ್ಟೆಯನ್ನು ಎತ್ತಿ ಪಕ್ಕಕ್ಕಿಟ್ಟ. ಅತ್ತೆ ಕ್ಷಮಿಸು ಎನ್ನಲಿಲ್ಲ. ಅಂದಿದ್ದರೆ ಸೊಸೆ ಅಭ್ಯಾಸಬಲದಿಂದ ಪರವಾಗಿಲ್ಲ ಬಿಡಿ ಅತ್ತೆ ಎಂದುಬಿಡುತ್ತಿದ್ದಳು. ಅದು ಅವರಿಗೂ ಗೊತ್ತಿತ್ತು. ಅಳು ಸ್ವಲ್ಪ ಇಳಿದ ಮೇಲೆ ತಮ್ಮ ಪಕ್ಕದ ನೆಲವನ್ನು ಅಂಗೈಯಿಂದ ತಟ್ಟಿದರು.

“ಕೂತ್ಕೋ. ಇನ್ನೂ ಇದೆ ನಿನ್ನ ಹತ್ರ, ನನಗೆ ಗೊತ್ತು. ಎಲ್ಲಾ ಹೇಳು. ನಿನಗೆ ಮರೆತಿದ್ದನ್ನ ನಾನು ಹೇಳ್ತೀನಿ.”

ಯೊನ್‌ಸಿಮ್ ಏಪ್ರನ್ನಿನಿಂದ ಮುಖ ಒರೆಸಿಕೊಂಡು ಅತ್ತೆಯ ಪಕ್ಕದಲ್ಲಿ ಕೂತಳು, ಮದುವೆಯಾದ ಮೊದಲ ಚಳಿಗಾಲದಿಂದ ಶುರುಮಾಡಿದಳು.